ಸೆರೆಯ ಹಾವಿನ ಹಾಸು: ಜೋಳದ ಹಾವಿನ ಪಾಲನೆಯ ಇತಿಹಾಸದಲ್ಲಿ ಒಂದು ವಿಚಾರ

ಮಾನವನು ಪ್ರಾಣಿಗಳನ್ನು ಸಾಕಿದ ಚರಿತ್ರೆಯನ್ನು ಬರೆದವರು ಕುದುರೆಯ ಜೀನು, ಆನೆಯ ಅಂಕುಶ, ದನದ ಕೊಟ್ಟಿಗೆ ಮೊದಲಾದವುಗಳ ವಿಷಯವಾಗಿ ವಿಸ್ತಾರವಾಗಿ ಬರೆದಿದ್ದಾರೆ. ಪ್ರಾಣಿಯ ಕಾಲ ಕೆಳಗಿನ ಹಾಸಿನ ವಿಷಯವಾಗಿ ಬರೆದವರು ವಿರಳ. ಕಾಲೇ ಇಲ್ಲದೆ, ಮೈಯೆಲ್ಲವನ್ನೂ ನೆಲಕ್ಕೆ ಒಡ್ಡಿ ಬದುಕುವ ಹಾವಿನ ಮಟ್ಟಿಗಂತೂ ಈ ಉಪೇಕ್ಷೆ ಸಲ್ಲದು. ಪೆಟ್ಟಿಗೆಯಲ್ಲಿ ಸಾಕಿದ ಹಾವು ಹರಿದಾಡುವುದು, ಮಲಗುವುದು, ಅಡಗುವುದು, ಪೊರೆ ಬಿಡುವುದು ಎಲ್ಲವೂ ಆ ಹಾಸಿನ ಮೇಲೆಯೇ. ಅದು ಉಸಿರಿಗೆಳೆದುಕೊಳ್ಳುವ ಗಾಳಿಯೂ ಹಾಸನ್ನು ಸೋಕಿಯೇ ಬರತಕ್ಕದ್ದು. ಆದರೆ ಹಾಸನ್ನು ಆರಿಸುವ ಅಧಿಕಾರ ಮಾತ್ರ ಹಾವಿನದಲ್ಲ, ಸಾಕುವವನದು.

ಪ್ರಕೃತ ಲೇಖನದಲ್ಲಿ ಉತ್ತರ ಅಮೆರಿಕದ ಜೋಳದ ಹಾವನ್ನು ನಿದರ್ಶನವಾಗಿ ಇಟ್ಟುಕೊಂಡು, ಸೆರೆಯ ಹಾವಿಗೆ ಯಾವ ಹಾಸು ಕ್ಷೇಮಕರವೆಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ ದೊರೆತ ಉತ್ತರಗಳನ್ನು ಪರಿಶೀಲಿಸಲು ಯತ್ನಿಸಲಾಗಿದೆ. ‘ಕ್ಷೇಮ’ ಎಂಬ ಮಾತಿಗೆ ಒಂದೊಂದು ಕಾಲದಲ್ಲಿ ಒಂದೊಂದು ಅರ್ಥ ಪ್ರಧಾನವಾಯಿತೆಂಬುದೂ, ಹೊಸ ಅರ್ಥವೊಂದು ಬಂದಾಗ ಹಳೆಯದು ಮರೆತುಹೋದದ್ದರಿಂದಲೇ ಅನೇಕ ಅನರ್ಥಗಳು ಸಂಭವಿಸಿದವೆಂಬುದೂ ಈ ಲೇಖಕನ ಅಭಿಪ್ರಾಯ.

ಮೊದಲು ಪ್ರಾಣಿಯ ಪರಿಚಯ ಅವಶ್ಯಕ. ಜೋಳದ ಹಾವು ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗಕ್ಕೆ ಸೇರಿದ್ದು. ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞನಾದ ಮಾರ್ಕ್ ಕೇಟ್ಸ್‌ಬಿಯು ಕ್ಯಾರೊಲೈನಾ, ಫ್ಲಾರಿಡಾ ಮತ್ತು ಬಹಾಮ ದ್ವೀಪಗಳ ಪ್ರಕೃತಿಯನ್ನು ಕುರಿತು ೧೭೩೧ರಿಂದ ೧೭೪೩ರ ವರೆಗೆ ಪ್ರಕಟಿಸಿದ ಮಹಾಗ್ರಂಥದಲ್ಲಿ ಇದರ ಚಿತ್ರವಿದೆ. ಆ ವೇಳೆಗಾಗಲೇ ಇದಕ್ಕೆ ಈ ಹೆಸರು ಬಳಕೆಯಲ್ಲಿತ್ತು. ಲಿನೇಯಸನು ೧೭೬೬ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹನ್ನೆರಡನೆಯ ಆವೃತ್ತಿಯಲ್ಲಿ ಇದಕ್ಕೆ ‘ಕೊಲುಬರ್ ಗಟ್ಟಾಟಸ್’ ಎಂದು ನಾಮಕರಣ ಮಾಡಿದನು. ಇಂದಿನ ಶಾಸ್ತ್ರೀಯ ನಾಮ ‘ಪ್ಯಾಂಥೆರೊಫಿಸ್ ಗಟ್ಟಾಟಸ್’. ಇಲ್ಲಿ ಜೋಳವೆಂದರೆ ನಮ್ಮ ಬಿಳಿಜೋಳವಲ್ಲ, ಮುಸುಕಿನ ಜೋಳ. ಹಾವಿನ ಹೊಟ್ಟೆಯ ಕಪ್ಪು ಬಿಳುಪಿನ ಚೌಕಗಳು ಬಣ್ಣಬಣ್ಣದ ಮುಸುಕಿನ ಜೋಳದ ತೆನೆಯನ್ನು ಹೋಲುವುದರಿಂದ ಈ ಹೆಸರೆಂದು ಕೆಲವರೂ, ಇಲಿಗಳನ್ನು ಅರಸಿ ಜೋಳದ ಕಣಜಗಳಿಗೆ ಬರುತ್ತಿದ್ದುದರಿಂದ ಈ ಹೆಸರೆಂದು ಕೆಲವರೂ ಹೇಳುತ್ತಾರೆ. ವಿಷವಿಲ್ಲದ್ದು; ಬೆಳೆದ ಹಾವು ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಉದ್ದವಿರುತ್ತದೆ. ಹೊಲಗದ್ದೆಗಳಲ್ಲಿ ಇಲಿ ಹಿಡಿದು ರೈತನಿಗೆ ಉಪಕಾರ ಮಾಡುವ ನಮ್ಮ ಕೇರೆ ಹಾವನ್ನು ಬಲ್ಲವರಿಗೆ ಇದರ ಜೀವನಕ್ರಮವನ್ನು ಊಹಿಸುವುದು ಕಷ್ಟವಲ್ಲ. ಆದರೆ ಕೇರೆಯನ್ನಾಗಲಿ, ನಮ್ಮ ದೇಶದ ಇತರ ಹಾವುಗಳನ್ನಾಗಲಿ ಮನೆಯಲ್ಲಿ ಸಾಕುವುದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಎಡೆಗೊಡುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ಜೋಳದ ಹಾವಿನ ಸ್ವಭಾವದಲ್ಲಿ ನಮ್ಮ ಪ್ರಶ್ನೆಗೆ ಮುಖ್ಯವಾದವು ಎರಡು ಅಂಶಗಳು. ಒಂದನೆಯದಾಗಿ, ಅದು ಅಡಗಿ ಬಾಳುವ ಪ್ರಾಣಿ. ಕೊಳೆತ ಮರದ ಬುಡ, ಸಡಿಲವಾದ ತೊಗಟೆ, ಇಲಿಯ ಬಿಲ, ತರಗೆಲೆಯ ರಾಶಿ, ಇವುಗಳಲ್ಲಿ ಹಗಲಿನ ಬಹುಭಾಗವನ್ನು ಅದು ಕಳೆಯುತ್ತದೆ. ಎರಡನೆಯದಾಗಿ, ಅದರ ಶ್ವಾಸಾಂಗದ ರಚನೆ. ಬಹುತೇಕ ಹಾವುಗಳಂತೆ ಇದರಲ್ಲಿಯೂ ಕೆಲಸ ಮಾಡುವುದು ಬಲಗಡೆಯ ಶ್ವಾಸಕೋಶ ಮಾತ್ರ. ಎಡಗಡೆಯದು ಹೆಸರಿಗಷ್ಟೆ ಉಳಿದಿದೆ. ನಮಗಿರುವಂಥ ವಪೆ ಅದಕ್ಕಿಲ್ಲ. ಆದುದರಿಂದ ಒಳಹೊಕ್ಕ ಧೂಳನ್ನೂ ಕಫವನ್ನೂ ಬಲವಾಗಿ ಕೆಮ್ಮಿ ಹೊರಹಾಕುವ ಶಕ್ತಿ ಅದಕ್ಕೆ ಅತ್ಯಲ್ಪ. ನಾಯಿಯಾದರೆ ಬೊಗಳೀತು, ಬೆಕ್ಕಾದರೆ ಎದ್ದು ಬೇರೆಡೆಗೆ ಹೋದೀತು. ಹಾವು ಮೌನವಾಗಿ ಬಿದ್ದಿರುತ್ತದೆ. ಸಾಕಿದವನಿಗೆ ತಪ್ಪು ತಿಳಿಯುವ ವೇಳೆಗೆ ರೋಗ ಬಲಿತಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬದುಕತಕ್ಕ ಪ್ರಾಣಿ ಇದೆಂಬುದನ್ನು ನೆನೆದರೆ, ಹಾಸಿನ ಆಯ್ಕೆ ಎಷ್ಟು ದೀರ್ಘಕಾಲದ ಹೊಣೆಯೆಂಬುದು ಸ್ಪಷ್ಟವಾಗುತ್ತದೆ.

ಹಾವುಗಳನ್ನು ಸಾರ್ವಜನಿಕ ಪ್ರದರ್ಶನಕ್ಕಾಗಿ ವ್ಯವಸ್ಥಿತವಾಗಿ ಸಾಕಲು ಕಟ್ಟಿದ ಮೊದಲ ಗೃಹ ಲಂಡನ್ನಿನ ಪ್ರಾಣಿಸಂಗ್ರಹಾಲಯದ್ದು. ಅದು ೧೮೪೯ರಲ್ಲಿ ತೆರೆಯಿತು. ಚಳಿಯ ದೇಶದಲ್ಲಿ ಉಷ್ಣವಲಯದ ಹಾವುಗಳನ್ನು ಉಳಿಸಿಕೊಳ್ಳುವುದೇ ಅಂದಿನ ಪಾಲಕರ ಚಿಂತೆಯಾಗಿತ್ತು. ಆದುದರಿಂದ ದೊಡ್ಡ ಹಾವುಗಳಿಗೆ ಹೊದೆಯಲೆಂದು ಉಣ್ಣೆಯ ಕಂಬಳಿಯನ್ನು ಕೊಡುವ ರೂಢಿ ಬೆಳೆಯಿತು. ಮನುಷ್ಯನಿಗೆ ಬೆಚ್ಚನೆಯದು ಹಾವಿಗೂ ಬೆಚ್ಚನೆಯದಾದೀತೆಂಬ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಕಂಬಳಿಯು ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈಯಲ್ಲಿ ಹುಟ್ಟುವ ಶಾಖವನ್ನು ಹಿಡಿದಿಟ್ಟು. ಹಾವಿನ ಮೈಯಲ್ಲಿ ಅಂಥ ಶಾಖ ಹುಟ್ಟುವುದಿಲ್ಲ. ಹೊರಗಿನಿಂದ ಬಿಸಿಯಿಲ್ಲದಿದ್ದಲ್ಲಿ ಹತ್ತು ಕಂಬಳಿ ಹೊದಿಸಿದರೂ ಹಾವು ತಣ್ಣಗೇ ಇರುತ್ತದೆ.

೧೮೫೧ರಲ್ಲಿ ಅಲ್ಲಿಯ ಬೋವಾ ಹಾವೊಂದು ತನ್ನ ಕಂಬಳಿಯನ್ನೇ ನುಂಗಿತು. ಕಂಬಳಿ ಅದರ ಹೊಟ್ಟೆಯಲ್ಲಿ ಐದು ವಾರಗಳಿಗೂ ಮೇಲ್ಪಟ್ಟು ಇದ್ದು, ಬಳಿಕ ಹಾವೇ ಅದನ್ನು ಕಕ್ಕಿತು. ಲಂಡನ್ನಿನ ಜನ ಈ ಸುದ್ದಿಯನ್ನು ವಿನೋದಕ್ಕಾಗಿ ಓದಿದರು. ಆ ಕಾಲದ ಜನಪ್ರಿಯ ನಿಸರ್ಗಗ್ರಂಥಗಳಲ್ಲಿ ಅದು ಒಂದು ಕೌತುಕವಾಗಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ನಮಗೆ ಅದು ಕೌತುಕಕ್ಕಿಂತ ಹೆಚ್ಚಿನದು. ಹಾವು ಆಹಾರವನ್ನು ಗುರುತಿಸುವುದು ಬಹುಮಟ್ಟಿಗೆ ವಾಸನೆಯಿಂದ. ಬೇಟೆಯ ವಾಸನೆ ಹತ್ತಿದ ಯಾವ ವಸ್ತುವನ್ನಾದರೂ ಅದು ಬೇಟೆಯೆಂದೇ ಭಾವಿಸಬಹುದು. ಹಾಸು ಹೊಟ್ಟೆಗೆ ಹೋಗುವ ಅಪಾಯ ಕಂಬಳಿಯೊಂದಿಗೆ ಮುಗಿಯಲಿಲ್ಲ. ಒದ್ದೆಯಾದ ಇಲಿಯ ಮೈಗೆ ಅಂಟಿಕೊಂಡ ಮರಳು, ಜಲ್ಲಿ, ಮರದ ಚೂರುಗಳು ಇಂದಿಗೂ ಸಾಕಿದ ಹಾವುಗಳ ಕರುಳನ್ನು ಕಟ್ಟುತ್ತಿವೆ. ಆಹಾರವನ್ನು ಬೇರೊಂದು ಡಬ್ಬಿಯಲ್ಲಿಯೋ ಚಪ್ಪಟೆಯಾದ ತಟ್ಟೆಯ ಮೇಲೋ ಇಡಬೇಕೆಂಬ ಇಂದಿನ ಸಾಮಾನ್ಯ ನಿಯಮವನ್ನು ಆ ಬೋವಾ ೧೮೫೧ರಲ್ಲಿಯೇ ತಿಳಿಸಿಕೊಟ್ಟಿತ್ತು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶಾಖದ ಪ್ರಶ್ನೆ ವಿದ್ಯುತ್ತಿನಿಂದ ಬಹುಮಟ್ಟಿಗೆ ಪರಿಹಾರವಾಯಿತು. ಕ್ಷೇಮವೆಂದರೆ ಶುಚಿತ್ವವೆಂಬ ಭಾವನೆ ಬಲಗೊಂಡಿತು. ಇದಕ್ಕೆ ಸಕಾರಣವೂ ಇತ್ತು. ಹಾವಿನ ಹುರುಪೆಗಳ ಸಂದಿಯಲ್ಲಿ ಕುಳಿತು ರಕ್ತ ಹೀರುವ ‘ಒಫಿಯೊನಿಸಸ್ ನ್ಯಾಟ್ರಿಸಿಸ್’ ಎಂಬ ನುಸಿಯು ಸಂಗ್ರಹಾಲಯಗಳ ದೊಡ್ಡ ಪಿಡುಗಾಗಿತ್ತು. ಈ ನುಸಿ ಹಾವುಗಳಲ್ಲಿ ರಕ್ತಸ್ರಾವದ ನಂಜುರೋಗವನ್ನು ಹರಡಬಲ್ಲುದೆಂದು ಅಮೆರಿಕದ ಜೋಸೆಫ್ ಕ್ಯಾಮಿನ್ ೧೯೪೮ರಲ್ಲಿ ತೋರಿಸಿಕೊಟ್ಟರು. ೧೯೫೩ರಲ್ಲಿ ಅದರ ಜೀವನಚಕ್ರವನ್ನು ಸವಿಸ್ತಾರವಾಗಿ ವರ್ಣಿಸಿದರು. ನುಸಿ ಮೊಟ್ಟೆಯಿಡುವುದು ಹಾವಿನ ಮೈಮೇಲಲ್ಲ, ಸುತ್ತಲಿನ ಕತ್ತಲ ಸಂದುಗೊಂದುಗಳಲ್ಲಿ. ಹಾಸು ದಪ್ಪವಾದಷ್ಟೂ ಅದಕ್ಕೆ ಅನುಕೂಲ. ಇದರಿಂದ ಸಾಕುವವರು ಹಳೆಯ ವೃತ್ತಪತ್ರಿಕೆಯ ಕಡೆಗೆ ತಿರುಗಿದುದು ಸಹಜವಾಗಿದೆ. ಅದು ಅಗ್ಗ, ದಿನವೂ ಬದಲಾಯಿಸಬಹುದು, ನುಸಿಯಾಗಲಿ, ಹೇಲಿನ ದೋಷವಾಗಲಿ ಬೇಗ ಕಣ್ಣಿಗೆ ಬೀಳುತ್ತದೆ. ಹೊಸದಾಗಿ ತಂದ ಹಾವನ್ನೂ, ರೋಗ ಬಂದ ಹಾವನ್ನೂ ಕೆಲವು ವಾರ ಬರಿಯ ಕಾಗದದ ಮೇಲೆ ಇಡುವುದಕ್ಕಿಂತ ಉತ್ತಮವಾದ ಕ್ರಮ ಇಂದಿಗೂ ಇಲ್ಲ. ಕಾಗದದ ಕೊರತೆಯೆಂದರೆ ಹಾವಿಗೆ ಅದರಲ್ಲಿ ತೂರಿಕೊಳ್ಳಲು ಬಾರದು. ಹರಿದಾಡುವಾಗ ಹೊಟ್ಟೆಯ ಹುರುಪೆಗಳಿಗೆ ಹಿಡಿತ ಸಿಗದು.

ಇದೇ ದಶಕದಲ್ಲಿ ಜೋಳದ ಹಾವಿನ ಇತಿಹಾಸ ಹೊಸ ತಿರುವನ್ನು ಪಡೆಯಿತು. ೧೯೫೩ರಲ್ಲಿ ಉತ್ತರ ಕ್ಯಾರೊಲೈನಾದಲ್ಲಿ ಕಪ್ಪು ವರ್ಣದ್ರವ್ಯವಿಲ್ಲದ ಗಂಡು ಹಾವೊಂದು ಸಿಕ್ಕಿತು. ಜಾರ್ಜಿಯದ ಚರ್ಮವೈದ್ಯ ಬರ್ನಾರ್ಡ್ ಬೆಕ್ಟೆಲ್ ಅದರಿಂದ ಸಂತಾನ ಪಡೆದು, ಈ ವರ್ಣಲೋಪವು ಮೆಂಡಲನ ನಿಯಮದಂತೆ ಮರಿಗಳಿಗೆ ಬರುತ್ತದೆಂದು ೧೯೬೨ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಜೋಳದ ಹಾವು ಕಾಡಿನಿಂದ ಹಿಡಿದು ತರುವ ಪ್ರಾಣಿಯಾಗಿ ಉಳಿಯದೆ, ಮನೆಯಲ್ಲಿ ಹುಟ್ಟಿ ಮನೆಯಲ್ಲಿಯೇ ಸಾಯುವ ಪ್ರಾಣಿಯಾಯಿತು. ಸಾಕುವವರ ಸಂಖ್ಯೆ ಏರಿದಂತೆ ಹಾಸು ಮಾರಾಟದ ಸರಕಾಯಿತು. ಬಡಗಿಯು ಮರವನ್ನು ಕೀಸುವಾಗ ಉದುರುವ ತೆಳ್ಳನೆಯ ಸುರುಳಿಗಳನ್ನು ಚೀಲಗಳಲ್ಲಿ ತುಂಬಿ, ಮೊಲ, ಇಲಿ, ಹಾವುಗಳಿಗೆಂದು ಭೇದವೆಣಿಸದೆ ಮಾರತೊಡಗಿದರು. ಇವುಗಳಲ್ಲಿ ಸುವಾಸನೆಯ ಕಾರಣದಿಂದ ಜನ ಮೆಚ್ಚಿದ್ದು ಸೀಡರ್ ಮರದ ಸುರುಳಿ.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ನಿಜವಾದ ಸೀಡರ್ ಎಂದರೆ ನಮ್ಮ ಹಿಮಾಲಯದ ದೇವದಾರು ಮತ್ತು ಅದರ ದಾಯಾದಿಗಳಾದ ಲೆಬನಾನ್ ಮೊದಲಾದೆಡೆಯ ಮರಗಳು. ಅಮೆರಿಕದವರು ‘ಕೆಂಪು ಸೀಡರ್’ ಎನ್ನುವ ಪೂರ್ವತೀರದ ಮರ ಜುನಿಪರ್ ಜಾತಿಯದು. ಪಶ್ಚಿಮತೀರದ ‘ಕೆಂಪು ಸೀಡರ್’ ಥೂಜಾ ಜಾತಿಯದು. ವಂಶ ಬೇರೆಯಾದರೂ ಗುಣವೊಂದು ಸಮಾನ: ಮೂರರ ಕಟ್ಟಿಗೆಯಲ್ಲಿಯೂ ಹುಳುಗಳನ್ನು ದೂರವಿಡುವ ಕಟು ಪರಿಮಳದ ದ್ರವ್ಯಗಳಿವೆ. ಉಣ್ಣೆಯ ಬಟ್ಟೆಗೆ ನುಸಿ ಹತ್ತದಂತೆ ಸೀಡರ್ ಪೆಟ್ಟಿಗೆಯಲ್ಲಿಡುವ ಪದ್ಧತಿ ಇದರಿಂದಲೇ ಬಂದುದು. ಬಟ್ಟೆಯ ನುಸಿಯನ್ನು ಓಡಿಸುವ ಮರ ಹಾವಿನ ನುಸಿಯನ್ನೂ ಓಡಿಸೀತೆಂದು ಜನ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹುಳುವಿಗೆ ಆಗದ ಹೊಗೆಯಂಥ ಆ ಪರಿಮಳ ಹಾವಿಗೆ ಆದೀತೆ ಎಂಬ ಪ್ರಶ್ನೆ ಮಾತ್ರ ಹಿಂದೆ ಬಿತ್ತು.

ಉತ್ತರ ಬಂದುದು ಹಾವಿನ ಪೆಟ್ಟಿಗೆಯಿಂದಲ್ಲ, ಔಷಧಗಳ ಪ್ರಯೋಗಶಾಲೆಯಿಂದ. ಸೀಡರ್ ಚೂರುಗಳ ಮೇಲೆ ಮಲಗಿಸಿದ ಪ್ರಾಣಿಗಳು ನಿದ್ರೌಷಧದಿಂದ ಬೇಗ ಎಚ್ಚರಗೊಳ್ಳುವುದನ್ನು ೧೯೬೬ರಲ್ಲಿ ಫರ್ಗ್ಯುಸನ್ ಗಮನಿಸಿದರು. ಮರುವರ್ಷ ಎಲಿಯಟ್ ವೆಸೆಲ್ ‘ಸೈನ್ಸ್’ ಪತ್ರಿಕೆಯಲ್ಲಿ ಕಾರಣವನ್ನು ವಿಶದಪಡಿಸಿದರು. ಕೆಂಪು ಸೀಡರ್ ಹಾಗೂ ಎರಡು ಬಗೆಯ ಪೈನ್ ಮರಗಳ ಹಾಸಿನಲ್ಲಿದ್ದ ಇಲಿ ಹೆಗ್ಗಣಗಳ ಯಕೃತ್ತಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳು ಹೆಚ್ಚಾಗಿದ್ದವು. ಅವೇ ಪ್ರಾಣಿಗಳನ್ನು ಬೀಚ್, ಬರ್ಚ್, ಮೇಪಲ್ ಎಂಬ ಗಟ್ಟಿಮರಗಳ ಮಿಶ್ರ ಹಾಸಿಗೆ ಬದಲಾಯಿಸಿದಾಗ ಕಿಣ್ವಗಳು ಮತ್ತೆ ಇಳಿದವು. ಅರ್ಥಾತ್, ಹಾಸಿನಿಂದ ಹೊರಟ ಯಾವುದೋ ದ್ರವ್ಯ ಪ್ರಾಣಿಯ ಮೈಯೊಳಕ್ಕೆ ಸೇರಿ, ಯಕೃತ್ತು ಅದನ್ನು ನಿವಾರಿಸಲು ದುಡಿಯುತ್ತಿತ್ತು. ವೆಸೆಲರ ಉದ್ದೇಶ ಪ್ರಾಣಿಗಳ ಹಿತವಲ್ಲ. ಬೇರೆ ಬೇರೆ ಪ್ರಯೋಗಶಾಲೆಗಳ ಫಲಿತಾಂಶಗಳಲ್ಲಿ ವ್ಯತ್ಯಾಸವೇಕೆಂದು ತಿಳಿಯುವುದಾಗಿತ್ತು. ಇದಾದ ಸ್ವಲ್ಪ ಕಾಲದಲ್ಲಿ, ೧೯೭೦ರಲ್ಲಿ, ಪಶ್ಚಿಮದ ಕೆಂಪು ಸೀಡರಿನ ಧೂಳಿನಿಂದ ಮರಗೆಲಸಗಾರರಿಗೆ ಉಬ್ಬಸ ಬರುವುದನ್ನು ಗ್ಯಾಂಡೇವಿಯಾ ಮತ್ತು ಮಿಲ್ನ್ ವರದಿಮಾಡಿದರು. ಅದರ ಮೂಲ ‘ಪ್ಲಿಕ್ಯಾಟಿಕ್ ಆಮ್ಲ’ವೆಂದು ಅನಂತರದ ಸಂಶೋಧನೆಯಿಂದ ತಿಳಿದುಬಂದಿತು.

‘ಸೀಡರ್ ಹಾವನ್ನು ಕೊಲ್ಲುತ್ತದೆ’ ಎಂಬ ವಾಕ್ಯ ಇಂದು ಹಾವು ಸಾಕುವವರ ಕೈಪಿಡಿಗಳಲ್ಲೆಲ್ಲ ಸೂತ್ರದಂತೆ ಕಾಣುತ್ತದೆ. ಆಕರಗಳನ್ನು ತೂಗಿನೋಡುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವಾದುದರಿಂದ ಒಂದು ಮಾತು ಹೇಳಬೇಕಾಗಿದೆ. ಮೇಲಿನ ಪ್ರಮಾಣಗಳಲ್ಲಿ ಒಂದು ಇಲಿಗೆ ಸಂಬಂಧಿಸಿದ್ದು, ಇನ್ನೊಂದು ಮನುಷ್ಯನಿಗೆ ಸಂಬಂಧಿಸಿದ್ದು. ಕಿಣ್ವ ಹೆಚ್ಚುವುದೆಂದರೆ ರೋಗವೆಂದೇ ಅರ್ಥವಲ್ಲ. ಹಾವಿನ ಮಟ್ಟಿಗೆ ಸೂತ್ರವು ಅನುಮಾನ ಪ್ರಮಾಣದ ಮೇಲೆ ನಿಂತಿದೆ. ಆದರೆ ಆ ಅನುಮಾನ ದುರ್ಬಲವಾದುದಲ್ಲ. ಗಾಳಿಯ ಸಂಚಾರ ಕಡಮೆಯಿರುವ ಪೆಟ್ಟಿಗೆ, ಪರಿಮಳದ್ರವ್ಯ ಆವಿಯಾಗುವಂತೆ ಒಂದು ಕೊನೆಯಲ್ಲಿ ಮೂವತ್ತು ಡಿಗ್ರಿಯ ಆಸುಪಾಸಿನ ಶಾಖ, ನೆಲಕ್ಕೆ ತಾಗಿದ ಮೂಗು, ಕೆಮ್ಮಲಾರದ ಒಂದೇ ಶ್ವಾಸಕೋಶ, ಇವೆಲ್ಲ ಇಲಿಗಿಂತ ಹಾವಿನ ಸ್ಥಿತಿಯನ್ನೇ ಹೆಚ್ಚು ವಿಷಮಗೊಳಿಸುತ್ತವೆ. ಹಾವಿನ ಮೇಲೆಯೇ ಪ್ರಯೋಗ ನಡೆದು ಸಿದ್ಧವಾಗುವ ವರೆಗೆ ಸೀಡರನ್ನು ಬಳಸೋಣವೆನ್ನುವುದು ವಿವೇಕವಲ್ಲ; ಬಳಸದಿದ್ದರೆ ನಷ್ಟವಾದರೂ ಏನು? ಪೈನ್ ಮರದ ವಿಷಯದಲ್ಲಿ ಇಷ್ಟು ಖಂಡಿತವಾಗಿ ಹೇಳಲಾಗದು. ಕುಲುಮೆಯಲ್ಲಿ ಒಣಗಿಸಿದಾಗ ಅದರ ಆವಿದ್ರವ್ಯಗಳು ಬಹುಪಾಲು ಹೋಗುತ್ತವೆ. ಹಸಿಯ ಪೈನ್ ಮಾತ್ರ ವರ್ಜ್ಯ.

ಈ ವಿವಾದದ ಫಲವಾಗಿ ಮುಂದೆ ಬಂದುದು ಆಸ್ಪೆನ್. ಪಾಪ್ಲರ್ ಕುಲಕ್ಕೆ ಸೇರಿದ ಈ ಮರಕ್ಕೆ ಪರಿಮಳವಿಲ್ಲ. ಸುರುಳಿಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಹಾವು ಕೊರೆದ ಸುರಂಗ ಕುಸಿಯದೆ ನಿಲ್ಲುತ್ತದೆ. ಒಣ ಹಾಸನ್ನು ಬಯಸುವ ಜೋಳದ ಹಾವಿಗೆ ಇದಕ್ಕಿಂತ ಒಪ್ಪುವ ಮರ ಸಿಕ್ಕುವುದು ಕಷ್ಟ. ನೀರು ಚೆಲ್ಲಿದರೆ ಮಾತ್ರ ಬೇಗ ಬೂಷ್ಟು ಹಿಡಿಯುತ್ತದೆ. ಒದ್ದೆ ಹಾಸಿನ ಮೇಲೆ ಬಹುದಿನ ಬಿದ್ದ ಹಾವಿನ ಹೊಟ್ಟೆಯಲ್ಲಿ ಗುಳ್ಳೆಗಳೇಳುವುದುಂಟು. ಇತರ ವಸ್ತುಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮುಸುಕಿನ ಜೋಳದ ದಿಂಡನ್ನು ಪುಡಿಮಾಡಿದ ಹಾಸು ಜೋಳದ ಹಾವಿಗೆ ಹೆಸರಿನಿಂದ ಮಾತ್ರ ಹತ್ತಿರ: ತೇವವನ್ನು ಹೀರಿ ಉಬ್ಬುತ್ತದೆ, ನುಂಗಿದರೆ ಕರುಳಿನಲ್ಲಿಯೂ ಉಬ್ಬುತ್ತದೆ. ಮರಳು, ಆಕ್ರೋಟದ ಚಿಪ್ಪಿನ ಪುಡಿ, ಗೊಬ್ಬರ ಬೆರೆತ ತೋಟದ ಮಣ್ಣು, ಇವನ್ನು ಬಿಡುವುದೇ ಲೇಸು.

ತೆಂಗಿನ ಸಿಪ್ಪೆಯ ಹೊಟ್ಟನ್ನು ಮಾತ್ರ ಪ್ರತ್ಯೇಕವಾಗಿ ಎತ್ತಿ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ನಾಡೂ ಈ ಇತಿಹಾಸದೊಳಕ್ಕೆ ಬರುತ್ತದೆ. ಸಿಪ್ಪೆಯಿಂದ ನಾರನ್ನು ತೆಗೆದಾಗ ನಾರಿಗಿಂತ ಹೆಚ್ಚು ತೂಕದ ಹೊಟ್ಟು ಉಳಿಯುತ್ತದೆ. ತಿಪಟೂರು, ಅರಸೀಕೆರೆಗಳ ಸುತ್ತ ನಾರಿನ ಕಾರ್ಖಾನೆಗಳ ಹಿಂದೆ ಕೆಂಪು ಗುಡ್ಡೆಗಳಾಗಿ ಬಿದ್ದಿರುವ ಆ ಹೊಟ್ಟನ್ನು ನೋಡದ ಪ್ರಯಾಣಿಕನಿಲ್ಲ. ಯೂರೋಪಿನ ತೋಟಗಾರರು ಜೌಗುನೆಲದ ಪೀಟ್ ಮಣ್ಣಿಗೆ ಬದಲಿಯನ್ನು ಹುಡುಕತೊಡಗಿದ ಮೇಲೆ, ಕಳೆದ ಶತಮಾನದ ಕೊನೆಯ ದಶಕಗಳಿಂದ, ದಕ್ಷಿಣ ಭಾರತ ಮತ್ತು ಶ್ರೀಲಂಕಗಳ ಈ ಕಸ ಇಟ್ಟಿಗೆಗಳಾಗಿ ಅದುಮಿಸಿಕೊಂಡು ಹಡಗು ಹತ್ತಿತು. ತೋಟಗಾರನ ಅಂಗಡಿಯಿಂದ ಹಾವಿನ ಪೆಟ್ಟಿಗೆಗೆ ಅದು ಬಂದ ದಾರಿ ಹತ್ತಿರದ್ದೇ. ಹೊಟ್ಟು ತನ್ನ ತೂಕದ ಹಲವು ಪಾಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೊರೆ ಬಿಡುವ ಕಾಲದಲ್ಲಿ ಹಾವಿಗೆ ಇದು ಬಹಳ ಉಪಕಾರಿ. ಆದರೆ ಕಡಲ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ಹೊಟ್ಟಿನಲ್ಲಿ ಉಪ್ಪು ಉಳಿದಿರುತ್ತದೆ, ಅದನ್ನು ಸಿಹಿನೀರಿನಲ್ಲಿ ತೊಳೆದೇ ಬಳಸಬೇಕು. ಪೂರ್ತಿ ಒಣಗಿದರೆ ನವುರಾದ ಧೂಳೆದ್ದು ಹಾವಿನ ಮೂಗಿನ ಹೊಳ್ಳೆಗಳನ್ನು ಸೇರುತ್ತದೆ. ಪೆಟ್ಟಿಗೆಯ ತುಂಬ ಹೊಟ್ಟನ್ನೇ ಹಾಸುವುದಕ್ಕಿಂತ, ಆಸ್ಪೆನ್ ಹಾಸಿನ ಒಂದು ಮೂಲೆಯಲ್ಲಿ ತೂತಿರುವ ಚಿಕ್ಕ ಡಬ್ಬಿಯನ್ನಿಟ್ಟು ಅದರೊಳಗೆ ತೇವದ ಹೊಟ್ಟನ್ನು ತುಂಬುವ ರೀತಿ ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಈ ಶತಮಾನದಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. ಯಾವ ಹಾಸು ಕೆಡಿಸುವುದಿಲ್ಲವೆಂಬುದರ ಜೊತೆಗೆ ಹಾವು ಏನನ್ನು ಬಯಸುತ್ತದೆಂದೂ ಕೇಳತೊಡಗಿದ್ದಾರೆ. ಜೋಳದ ಹಾವಿನ ಹತ್ತಿರದ ಬಂಧುವಾದ ಅಮೆರಿಕದ ಇಲಿಹಾವುಗಳನ್ನು ಕುರಿತು ಆಮ್ಲಿ ಮತ್ತು ಬರ್ಗ್‌ಹಾರ್ಟ್ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮೃದ್ಧವಾದ ಆವರಣದಲ್ಲಿ ಬೆಳೆದ ಹಾವುಗಳ ವರ್ತನೆ ಬರಿಯ ಪೆಟ್ಟಿಗೆಯಲ್ಲಿ ಬೆಳೆದವುಗಳ ವರ್ತನೆಗಿಂತ ಭಿನ್ನವಾಗಿತ್ತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೧ರಲ್ಲಿ ಜೋಳದ ಹಾವುಗಳಿಗೇ ಎರಡು ಬಗೆಯ ಆವರಣಗಳನ್ನು ಒದಗಿಸಿ, ಆಯ್ಕೆಯನ್ನು ಅವಕ್ಕೇ ಬಿಟ್ಟರು. ಅವು ಸಮೃದ್ಧವಾದುದರಲ್ಲಿಯೇ ಹೆಚ್ಚು ಹೊತ್ತು ಕಳೆದವು. ಕಾಗದದ ಹಾಸಿನ ಶುಚಿತ್ವವಾದಿಗಳು ಈ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಅರ್ಧ ಅಡಿ ಹಾಸು ಸುರಿದು ಕೈತೊಳೆದುಕೊಳ್ಳುವವರೂ ಹಳೆಯ ಪಾಠವನ್ನು ಮರೆತವರೇ. ಪೆಟ್ಟಿಗೆಯ ಅಡಿಯಲ್ಲಿ ವಿದ್ಯುತ್ತಿನ ಶಾಖಫಲಕವಿದ್ದರೆ, ಮೇಲಿನ ಹಾಸು ತಣ್ಣಗಿದ್ದರೂ ಬುಡ ಕಾದಿರುತ್ತದೆ. ತೂರಿಕೊಂಡು ಕೆಳಗಿಳಿದ ಹಾವು ಹೊಟ್ಟೆ ಸುಟ್ಟುಕೊಳ್ಳುತ್ತದೆ. ಆದುದರಿಂದ ಎರಡು ಮೂರು ಅಂಗುಲಕ್ಕಿಂತ ಹೆಚ್ಚಿನ ದಪ್ಪ ಬೇಕೆನ್ನುವವರು ಶಾಖವನ್ನು ಮೇಲಿನಿಂದ ಕೊಡಬೇಕು. ಕೆಳಗಿನಿಂದ ಕೊಡುವವರು ತಾಪನಿಯಂತ್ರಕವನ್ನು ಅಳವಡಿಸಿ, ಅದರ ಸಂವೇದಿಯನ್ನು ಹಾಸಿನ ಬುಡದಲ್ಲಿಯೇ ಇಡಬೇಕು.

ಶುಚಿ ಮಾಡುವ ಕ್ರಮಕ್ಕೂ ಇದು ಅನ್ವಯಿಸುತ್ತದೆ. ಡೇವಿಡ್ ಚಿಝರ್ ಮತ್ತು ಅವರ ಸಂಗಡಿಗರು ೧೯೮೦ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪೆಟ್ಟಿಗೆಯನ್ನು ತೊಳೆದ ಮೇಲೆ ಹಾವುಗಳು ಪದೇ ಪದೇ ನಾಲಗೆ ಚಾಚಿ ಸುತ್ತಲೂ ಶೋಧಿಸುವುದೂ, ಬೇಗನೆ ಮಲವಿಸರ್ಜಿಸುವುದೂ ಕಂಡುಬಂದವು. ತನ್ನ ವಾಸನೆ ಅಳಿಸಿಹೋದ ಸ್ಥಳ ಹಾವಿಗೆ ಅಪರಿಚಿತ ಸ್ಥಳ. ಹೇಲು ಬಿದ್ದಲ್ಲಿ, ನೀರು ಚೆಲ್ಲಿದಲ್ಲಿ ಆಯಾ ಭಾಗವನ್ನು ಅಂದಂದೇ ತೆಗೆದುಹಾಕಿ, ಒಂದೆರಡು ತಿಂಗಳಿಗೊಮ್ಮೆ ಪೂರ್ತಿ ಹಾಸನ್ನು ಬದಲಾಯಿಸುವುದು ಈಗಿನ ರೂಢಿ. ನುಸಿಯ ಅಥವಾ ರೋಗದ ಶಂಕೆಯಿಲ್ಲದಿದ್ದಲ್ಲಿ, ಹಾಗೆ ಬದಲಾಯಿಸುವಾಗ ಹಳೆಯ ಹಾಸಿನಿಂದ ಒಣಗಿದ, ಶುಭ್ರವಾದ ಒಂದು ಹಿಡಿಯನ್ನು ತೆಗೆದಿಟ್ಟು ಹೊಸದರೊಡನೆ ಬೆರೆಸುವುದು ಒಳ್ಳೆಯದು.